ಆರಂಭಿಕ ಸ್ಕ್ರಿಪ್ಟ್ ಮತ್ತು ಆಂಟಿವೈರಸ್ ವಿನಾಯಿತಿ: ಕಡಬದ ಕಚೇರಿ ಕಂಪ್ಯೂಟರುಗಳ ಹಿನ್ನೆಲೆಯಲ್ಲಿ ದೋಷಶೋಧನೆಯ ವಿಚಾರ

ಪುತ್ತೂರು ಮತ್ತು ಸುಳ್ಯ ತಾಲ್ಲೂಕುಗಳ ಗ್ರಾಮಗಳನ್ನು ಬೇರ್ಪಡಿಸಿ ರಚಿಸಲಾದ ಕಡಬ ತಾಲ್ಲೂಕಿನಲ್ಲಿ ಅಡಿಕೆ, ರಬ್ಬರ್ ಬೆಳೆಗಾರರ ಸಾಲ ಮತ್ತು ಮಾರಾಟದ ಲೆಕ್ಕವಿಡುವ ಸಹಕಾರ ಸಂಘಗಳಿಂದ ಹಿಡಿದು ಪಂಚಾಯತ್ ಕಚೇರಿ, ಡಿಟಿಪಿ ಅಂಗಡಿಗಳವರೆಗೆ ದಿನದ ಕೆಲಸವೆಲ್ಲ ಕಂಪ್ಯೂಟರನ್ನೇ ನೆಚ್ಚಿಕೊಂಡಿದೆ. ಕಂಪ್ಯೂಟರ್ ಚಾಲೂ ಆದೊಡನೆ ಯಾರೂ ಒತ್ತದೆಯೇ ನಡೆಯುವ ಆದೇಶಗಳ ಸಣ್ಣ ಕಡತಕ್ಕೆ ಆರಂಭಿಕ ಸ್ಕ್ರಿಪ್ಟ್ ಎಂದು ಹೆಸರು. ಹಿಂದಿನ ದಿನದ ಲೆಕ್ಕವನ್ನು ಇನ್ನೊಂದು ಡಿಸ್ಕಿಗೆ ನಕಲಿಸುವುದು, ಹಂಚಿಕೆಯ ಪ್ರಿಂಟರನ್ನು ಜೋಡಿಸುವುದು ಇದರ ಸಾಮಾನ್ಯ ಕೆಲಸ. ಅದು ನಡೆಯದೆ ಹೋದಾಗ ದೋಷವನ್ನು ಆಂಟಿವೈರಸ್ ಮೇಲೆ ಹೊರಿಸಿ, ಇಡೀ ಕೋಶವನ್ನೇ ತಪಾಸಣೆಯಿಂದ ಹೊರಗಿಡುವ ವಿನಾಯಿತಿ ಕೊಟ್ಟುಬಿಡುವ ರೂಢಿ ಬೆಳೆದಿದೆ. ವಿನಾಯಿತಿಯು ಹಲವು ಕಾರಣಗಳಲ್ಲಿ ಒಂದಕ್ಕೆ ಮಾತ್ರ ಉತ್ತರವೆಂದೂ, ಉಳಿದವುಗಳನ್ನು ಪರಿಶೀಲಿಸಿದ ಮೇಲಷ್ಟೇ ಅದನ್ನು ಕೊಡಬೇಕೆಂದೂ ತೋರಿಸುವುದು ಈ ಲೇಖನದ ಉದ್ದೇಶ.

ಆಂಟಿವೈರಸ್ ಇಂಥ ಸ್ಕ್ರಿಪ್ಟುಗಳನ್ನು ಅನುಮಾನದಿಂದ ನೋಡುವುದಕ್ಕೆ ಇತಿಹಾಸವಿದೆ. 2000ದ ಮೇ ತಿಂಗಳಲ್ಲಿ ಜಗತ್ತಿನಾದ್ಯಂತ ಹರಡಿದ ಐಲವ್‌ಯೂ ಹುಳುವು ವಿಬಿಸ್ಕ್ರಿಪ್ಟಿನಲ್ಲಿ ಬರೆದ ಒಂದು ಕಡತವೇ ಆಗಿತ್ತು. ವಿಂಡೋಸಿನ ರಿಜಿಸ್ಟ್ರಿಯಲ್ಲಿ, ಅಂದರೆ ವ್ಯವಸ್ಥೆಯ ಆಂತರಿಕ ನಮೂದು ಪುಸ್ತಕದಲ್ಲಿ, ‘ರನ್’ ಎಂಬ ಜಾಗಕ್ಕೆ ತನ್ನ ಹೆಸರನ್ನು ಸೇರಿಸಿಕೊಂಡು ಪ್ರತಿ ಬಾರಿಯೂ ತಾನೇ ಏಳುವಂತೆ ಮಾಡಿಕೊಂಡಿತ್ತು. ಕಚೇರಿಯ ಸದುದ್ದೇಶದ ಸ್ಕ್ರಿಪ್ಟ್ ಕೂಡ ಅನೇಕ ವೇಳೆ ಇದೇ ಜಾಗವನ್ನು ಬಳಸುತ್ತದೆ. ಹಾಗೆಂದು ಆಂಟಿವೈರಸ್ ತಪ್ಪುವುದೇ ಇಲ್ಲವೆಂದಲ್ಲ: 2010ರ ಏಪ್ರಿಲ್ 21ರಂದು ಮೆಕಾಫಿಯ ಒಂದು ಪರಿಷ್ಕರಣೆಯು ವಿಂಡೋಸ್ ಎಕ್ಸ್‌ಪಿಯ ಅತ್ಯಗತ್ಯ ಕಡತವಾದ ಎಸ್‌ವಿಸಿಹೋಸ್ಟನ್ನೇ ವೈರಸ್ಸೆಂದು ಭಾವಿಸಿದ್ದರಿಂದ ಅಸಂಖ್ಯ ಯಂತ್ರಗಳು ಪದೇ ಪದೇ ಮರುಚಾಲನೆಗೊಳ್ಳುತ್ತ ನಿಷ್ಪ್ರಯೋಜಕವಾದವು.

ಆದ್ದರಿಂದ ಆಂಟಿವೈರಸ್ ನಿಜಕ್ಕೂ ತಡೆದಿದೆಯೇ ಎಂಬುದನ್ನು ಮೊದಲು ದಾಖಲೆಯಿಂದಲೇ ತಿಳಿಯಬೇಕು. ವಿಂಡೋಸಿನ ಜೊತೆಗೇ ಬರುವ ಡಿಫೆಂಡರ್, ಅಪಾಯಕಾರಿ ಎನ್ನಿಸಿದ್ದನ್ನು ಪತ್ತೆಮಾಡಿದರೆ 1116, ಅದರ ಮೇಲೆ ಕ್ರಮ ಕೈಗೊಂಡರೆ 1117 ಎಂಬ ಸಂಖ್ಯೆಯಲ್ಲಿ ಘಟನಾ ದಾಖಲೆಯಲ್ಲಿ ಬರೆದಿಡುತ್ತದೆ. ಡಾಕ್ಯುಮೆಂಟ್ಸ್‌ನಂಥ ರಕ್ಷಿತ ಕೋಶಕ್ಕೆ ಬರೆಯಲು ಹೋದ ಸ್ಕ್ರಿಪ್ಟನ್ನು ತಡೆದರೆ 1123 ಕಾಣಿಸುತ್ತದೆ. ಇದು ಬೇರೆಯದೇ ಕಾವಲು, ಮಾಮೂಲಿ ವಿನಾಯಿತಿಯಿಂದ ಇದು ಸಡಿಲಗೊಳ್ಳುವುದಿಲ್ಲ. ಈ ಯಾವ ನಮೂದೂ ಇಲ್ಲದಿದ್ದರೆ ಕಾರಣವನ್ನು ಬಹುಪಾಲು ಬೇರೆಡೆ ಹುಡುಕಬೇಕಾಗುತ್ತದೆ.

ಘಟ್ಟದ ತಪ್ಪಲಿನ ಮಳೆಗಾಲದಲ್ಲಿ ದಾರಿ ತಪ್ಪಿಸುವ ಒಂದು ಲಕ್ಷಣವನ್ನು ಇಲ್ಲಿ ವಿಶೇಷವಾಗಿ ಗಮನಿಸಬೇಕು. ವಿಂಡೋಸ್ 8ರಿಂದ ಬಂದಿರುವ ‘ಫಾಸ್ಟ್ ಸ್ಟಾರ್ಟಪ್’ ವ್ಯವಸ್ಥೆಯಲ್ಲಿ ಸಂಜೆ ‘ಶಟ್‌ಡೌನ್’ ಒತ್ತಿದರೂ ಯಂತ್ರದ ತಿರುಳು ಪೂರ್ತಿ ಆರದೆ, ಅದರ ಸ್ಥಿತಿ ಡಿಸ್ಕಿನಲ್ಲಿ ಉಳಿದಿರುತ್ತದೆ. ಮರುದಿನದ ಚಾಲನೆ ಪೂರ್ಣ ಆರಂಭವಲ್ಲದ ಕಾರಣ, ‘ಯಂತ್ರ ಆರಂಭವಾದಾಗ’ ಎಂದು ಟಾಸ್ಕ್ ಶೆಡ್ಯೂಲರಿನಲ್ಲಿ ನಿಗದಿಪಡಿಸಿದ ಸ್ಕ್ರಿಪ್ಟ್ ನಡೆಯದೆ ಹೋಗಬಹುದು. ಆದರೆ ಕರೆಂಟು ಹೋಗಿ ಯುಪಿಎಸ್ ಕೂಡ ಕೈಕೊಟ್ಟ ದಿನ ಯಂತ್ರ ಮೊದಲಿನಿಂದ ಎದ್ದೇಳುವುದರಿಂದ ಅದೇ ಸ್ಕ್ರಿಪ್ಟ್ ಸರಾಗವಾಗಿ ನಡೆಯುತ್ತದೆ. ಒಂದು ದಿನ ನಡೆದು ಇನ್ನೊಂದು ದಿನ ನಿಲ್ಲುವ ಈ ಚಂಚಲತೆ ಆಂಟಿವೈರಸ್ಸಿನದೇ ಎಂದು ಕಂಡರೂ ಅದಕ್ಕೂ ಆಂಟಿವೈರಸ್ಸಿಗೂ ಸಂಬಂಧವಿಲ್ಲ. ‘ರೀಸ್ಟಾರ್ಟ್’ ಆಯ್ಕೆಯಿಂದ ಪರೀಕ್ಷಿಸಿದರೆ ವ್ಯತ್ಯಾಸ ತಿಳಿಯುತ್ತದೆ, ಏಕೆಂದರೆ ಆಗ ಪೂರ್ಣ ಆರಂಭವೇ ಆಗುತ್ತದೆ.

ಕನ್ನಡದಲ್ಲಿ ಕೋಶಗಳಿಗೆ ಹೆಸರಿಡುವ ಕಚೇರಿಗಳಿಗೆ ಇನ್ನೊಂದು ಸಮಸ್ಯೆಯಿದೆ. ಇಂಗ್ಲಿಷ್ ಕೈಪಿಡಿಗಳು ಅದನ್ನು ಮುಟ್ಟುವುದು ಅಪರೂಪ. ವಿಂಡೋಸ್ ತನ್ನ ಪೂರ್ವನಿಯೋಜಿತ ಪುಟವಾಗಿ ಬಳಸುವಂಥ, ಯೂನಿಕೋಡಿಗಿಂತ ಹಳೆಯ ಕೋಡ್ ಪುಟ, ಅಂದರೆ ಅಕ್ಷರಗಳಿಗೆ ಅಂಕಿ ಹಚ್ಚುವ ಹಿಂದಿನ ಪಟ್ಟಿ, ಕನ್ನಡಕ್ಕಿಲ್ಲ. ಹಳೆಯ ಮಾದರಿಯ ಸ್ಕ್ರಿಪ್ಟಾದ ಬ್ಯಾಚ್ ಕಡತವನ್ನು ಓದುವ ಕಮಾಂಡ್ ಪ್ರಾಂಪ್ಟ್ ಪೂರ್ವನಿಯೋಜಿತವಾಗಿ 437ರಂಥ ಪುಟವನ್ನು ಹಿಡಿದು ಓದುವುದರಿಂದ ‘ಲೆಕ್ಕಪತ್ರ’ ಎಂಬ ಕೋಶದ ಹೆಸರು ಅದಕ್ಕೆ ಅರ್ಥವಿಲ್ಲದ ಚಿಹ್ನೆಗಳ ಸಾಲಾಗಿ ಕಾಣುತ್ತದೆ, ಹಾದಿ ಸಿಗದೆ ಸ್ಕ್ರಿಪ್ಟ್ ನಿಲ್ಲುತ್ತದೆ. ಬ್ಯಾಚ್ ಕಡತವನ್ನು ಮೊದಲಲ್ಲಿ ಗುರುತುಬೈಟುಗಳಿಲ್ಲದ (ಬಿಒಎಂ ಇಲ್ಲದ) ಯುಟಿಎಫ್-8ರಲ್ಲಿ ಉಳಿಸಿ, ಆರಂಭದಲ್ಲೇ ಕೋಡ್ ಪುಟವನ್ನು 65001ಕ್ಕೆ ಬದಲಿಸಬೇಕು, ವಿಂಡೋಸಿನ ಇನ್ನೊಂದು ಸ್ಕ್ರಿಪ್ಟ್ ವ್ಯವಸ್ಥೆಯಾದ ಪವರ್‌ಶೆಲ್ 5.1ಕ್ಕಾದರೋ ಅದೇ ಗುರುತುಬೈಟುಗಳು ಇರಲೇಬೇಕು, ಇಲ್ಲವಾದರೆ ಅದೂ ಹಳೆಯ ಪುಟವನ್ನೇ ಹಿಡಿಯುತ್ತದೆ. ಒಂದಕ್ಕೆ ಮದ್ದಾದದ್ದು ಇನ್ನೊಂದಕ್ಕೆ ವಿಷವಾಗುವ ಈ ವಿಚಿತ್ರವನ್ನು ತಿಳಿಯದೆ ಎಷ್ಟು ವಿನಾಯಿತಿ ಕೊಟ್ಟರೂ ಫಲವಿಲ್ಲ. ಇದಕ್ಕಿಂತ ಸೂಕ್ಷ್ಮವಾದ ಸಂಗತಿ ಅಕ್ಷರಗಳ ಒಳರಚನೆಯದು: ‘ಕೋಶ’ದ ಓಕಾರವನ್ನು ಒಂದೇ ಸಂಕೇತವಾಗಿಯೂ, ಬಿಡಿ ಸಂಕೇತಗಳ ಜೋಡಣೆಯಾಗಿಯೂ ಬರೆಯಲು ಯೂನಿಕೋಡಿನಲ್ಲಿ ಅವಕಾಶವಿದೆ. ಕಣ್ಣಿಗೆ ಎರಡೂ ಒಂದೇ. ವಿಂಡೋಸಿನ ಕಡತವ್ಯವಸ್ಥೆಗೆ ಅವು ಎರಡು ಬೇರೆ ಹೆಸರುಗಳು. ವಿನಾಯಿತಿಯ ಪಟ್ಟಿಯಲ್ಲಿ ಹಾದಿಯನ್ನು ಕೈಯಿಂದ ಟೈಪಿಸದೆ, ಕೋಶವನ್ನೇ ಆರಿಸಿ ಸೇರಿಸಿದರೆ ಈ ತೊಡಕು ತಪ್ಪುತ್ತದೆ. ಕನ್ನಡದ ಹೆಸರನ್ನೇ ಕೈಬಿಡಿ ಎಂಬ ಸಲಹೆ ಸುಲಭದ್ದು, ಆದರೆ ನ್ಯಾಯವಾದದ್ದಲ್ಲ. ದೋಷವಿರುವುದು ಉಳಿಸುವ ವಿಧಾನದಲ್ಲಿ.

ದಾಖಲೆಯಿಂದ ಆಂಟಿವೈರಸ್ಸೇ ಕಾರಣವೆಂದು ಖಚಿತವಾದರೂ ವಿನಾಯಿತಿ ಫಲಿಸದಿರುವುದುಂಟು. ಡಿಫೆಂಡರ್ ವ್ಯವಸ್ಥೆಯ ಖಾತೆಯಲ್ಲಿ ನಡೆಯುವುದರಿಂದ, ಬಳಕೆದಾರನ ಕೋಶವನ್ನು ಸೂಚಿಸುವ ಯೂಸರ್‌ಪ್ರೊಫೈಲ್‌ನಂಥ ಚರಪದವನ್ನು ಹಾದಿಯಲ್ಲಿ ಬಳಸಿದರೆ ಅದು ಗುಮಾಸ್ತನ ಕೋಶಕ್ಕೆ ಬದಲಾಗಿ ವ್ಯವಸ್ಥೆಯ ಕೋಶವನ್ನು ತೋರಿಸುತ್ತದೆ. ಪ್ರಕ್ರಿಯೆಗೆ ಕೊಟ್ಟ ವಿನಾಯಿತಿ ಆ ಪ್ರಕ್ರಿಯೆ ತೆರೆಯುವ ಕಡತಗಳಿಗೆ ಅನ್ವಯಿಸುತ್ತದೆಯೇ ಹೊರತು ಪ್ರಕ್ರಿಯೆಯ ಕಡತಕ್ಕಲ್ಲ. ವಿಂಡೋಸ್ 10ರೊಡನೆ ಬಂದ ಆಮ್ಸಿ ಎಂಬ ವ್ಯವಸ್ಥೆಯು ಸ್ಕ್ರಿಪ್ಟಿನ ಪಠ್ಯವನ್ನು ಅದು ನಡೆಯುವ ಹೊತ್ತಿನಲ್ಲೇ ಆಂಟಿವೈರಸ್ಸಿಗೆ ಒಪ್ಪಿಸುವುದರಿಂದ, ಕಡತದ ಹಾದಿಗೆ ಕೊಟ್ಟ ವಿನಾಯಿತಿಯೊಂದರಿಂದಲೇ ಆ ತಪಾಸಣೆ ನಿಲ್ಲುತ್ತದೆಂದು ನೆಚ್ಚುವಂತಿಲ್ಲ.

ಇಷ್ಟೆಲ್ಲ ಬೇಸರದಿಂದ ಪವರ್‌ಶೆಲ್ಲನ್ನೇ, ಅಥವಾ ಇಡೀ ಸಿ ಡ್ರೈವನ್ನೇ ವಿನಾಯಿತಿಯ ಪಟ್ಟಿಗೆ ಸೇರಿಸುವುದು ಅತ್ಯಂತ ಅಪಾಯಕರ. ದಾಳಿಕೋರರು ಮೊದಲು ಹುಡುಕುವುದು ಇಂಥ ಕಾವಲಿಲ್ಲದ ಜಾಗವನ್ನೇ. ಸ್ಕ್ರಿಪ್ಟನ್ನು ಆಡಳಿತಾಧಿಕಾರವುಳ್ಳ ಖಾತೆ ಮಾತ್ರ ತಿದ್ದಬಹುದಾದ ಪ್ರತ್ಯೇಕ ಕೋಶದಲ್ಲಿಟ್ಟು, ಆ ಒಂದು ಕಡತದ ಪೂರ್ಣ ಹಾದಿಗೆ ಮಾತ್ರ ವಿನಾಯಿತಿ ಕೊಡುವುದು ಸರಿಯಾದ ಕ್ರಮ. ಡಿಫೆಂಡರಿನ ಸೆಟ್ಟಿಂಗ್ ಬದಲಾದಾಗಲೆಲ್ಲ 5007 ಎಂಬ ಘಟನೆ ದಾಖಲಾಗುತ್ತದೆ. ತಾಲ್ಲೂಕಿನ ಸಂಘ, ಪಂಚಾಯತ್‌ಗಳ ಕಂಪ್ಯೂಟರು ನೋಡಿಕೊಳ್ಳುವವರು ತಿಂಗಳಿಗೊಮ್ಮೆಯಾದರೂ ಆ ನಮೂದುಗಳನ್ನು ತೆರೆದು ಓದಬೇಕು, ಕಾರಣ ಹೇಳಲಾಗದ ವಿನಾಯಿತಿ ಕಂಡರೆ ಅಲ್ಲೇ ತೆಗೆದುಹಾಕಬೇಕು.