ಸೊಸೈಟಿ ಸಾಲ ಹುಟ್ಟಿದ್ದು ಯಾಕೆ?

ಸಾಲ ಮಾಡೋನು ಹೊಣೆಗೇಡಿ ಅನ್ನೋರು ಸೊಸೈಟಿ ಹುಟ್ಟಿದ ಕಥೆ ಒಮ್ಮೆ ಕೇಳಬೇಕು. ನಮ್ಮ ಆನವಟ್ಟಿಯಿಂದ ಹಾನಗಲ್, ಹಾವೇರಿ ದಾಟಿ ಹೋದರೆ ಗದಗ ಸೀಮೆ. ಅಲ್ಲಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ರೈತರನ್ನ ಸೇರಿಸಿ ಸಹಕಾರಿ ಪತ್ತಿನ ಸಂಘ ಕಟ್ಟಿದರು. ಸಾಲವೇ ಬೇಡ ಅನ್ನೋ ಸಂಘ ಅಲ್ಲ ಅದು. ಬಿತ್ತನೆಗೆ ಈಗಲೇ ದುಡ್ಡು ಬೇಕು, ಸುಗ್ಗಿ ಬರೋದು ಆಮೇಲೆ. ಆ ನಡುವಿನ ತಿಂಗಳುಗಳನ್ನ ಸಾಹುಕಾರನ ಬಡ್ಡಿ ಇಲ್ಲದೆ ದಾಟೋ ದಾರಿ ಅದು.

1976ರಲ್ಲಿ ದೇವರಾಜ ಅರಸು ಸರ್ಕಾರದ ಋಣ ಪರಿಹಾರ ಕಾಯ್ದೆ ಸಣ್ಣ ರೈತರ, ಕೂಲಿಕಾರರ ಖಾಸಗಿ ಸಾಲ ತೆಗೆದುಹಾಕಿತು. ಬ್ಯಾಂಕು, ಸೊಸೈಟಿ ಸಾಲ ಮಾತ್ರ ಉಳೀತು. ನನಗದು ಸರಿ ಅನ್ಸುತ್ತೆ. ಸೊಸೈಟಿ ದುಡ್ಡಲ್ಲಿ ಪಕ್ಕದ ಹೊಲದವನ ಷೇರೂ ಇರುತ್ತೆ. ನಾನು ಸುಸ್ತಿದಾರ ಆದರೆ ಪೆಟ್ಟು ಅವನಿಗೂ ಬೀಳುತ್ತೆ.

ಭತ್ತಕ್ಕೆ ತಂದ ಸಾಲ ಭತ್ತ ತೀರಿಸುತ್ತೆ. ಮಳೆ ಕೈಕೊಟ್ಟರೆ ಬೇರೆ ಮಾತು. ಅದೇ ದುಡ್ಡು ಮದುವೆ ಚಪ್ಪರಕ್ಕೆ ಹೋದರೆ ಯಾವ ಬೆಳೆ ತೀರಿಸಬೇಕು? ಆಗ ಗಡುವಿನ ದಿನ ಕೈಸಾಲ ತಂದು ಸೊಸೈಟಿಗೆ ಕಟ್ಟಿ, ಮತ್ತೆ ಎತ್ತಿ ಅವರಿಗೆ ಬಡ್ಡಿ ಸಮೇತ ಕೊಡ್ತೀವಿ. ಪುಸ್ತಕದಲ್ಲಿ ಸಾಲ ತೀರಿತು ಅಂತ ಇರುತ್ತೆ. ನಾವು ಮಾತ್ರ 1905ರ ಹಿಂದಿನ ಸಾಹುಕಾರನ ಬಾಗಿಲಲ್ಲೇ ನಿಂತಿರ್ತೀವಿ.