ಯಂತ್ರದ ಸಾಕ್ಷಿ

ಗಾಳಿಮಳೆಯ ದಿನಗಳಲ್ಲಿ ನಮ್ಮ ಕಾರವಾರದ ಜನ ಪತ್ರಿಕೆಯ ಮೂಲೆಯಲ್ಲಿ ಒಂದು ಪುಟ್ಟ ಸುದ್ದಿಯನ್ನು ಕಾಣುವುದುಂಟು: ಬಂದರಿನಲ್ಲಿ 3ನೆಯ ಸಂಖ್ಯೆಯ ಸೂಚನೆಯನ್ನು ಏರಿಸಲಾಗಿದೆ. ಓದುತ್ತೇವೆ, ಹಾಳೆ ಮಗುಚುತ್ತೇವೆ. ಅದು 3 ಏಕೆ, 2 ಏಕಲ್ಲ, 4 ಏಕಲ್ಲ ಎಂದು ಕೇಳುವವರು ವಿರಳ. ಬೈತಖೋಲದ ಮೀನುಗಾರರಿಗಾದರೋ ಆ ಅಂಕಿ ಬರಿಯ ಅಂಕಿಯಲ್ಲ. ಆ ಹೊತ್ತು ದೋಣಿ ನೀರಿಗಿಳಿಯಬೇಕೇ, ದಂಡೆಯಲ್ಲೇ ಇರಬೇಕೇ ಎಂಬುದರ ಉತ್ತರ.

ಈ ಅಂಕಿಗಳಿಗೆ ಹಳೆಯ ಚರಿತ್ರೆಯಿದೆ. 1864ರ ಅಕ್ಟೋಬರಿನಲ್ಲಿ ಕಲಕತ್ತೆಯನ್ನು ಹಾಳುಗೆಡವಿದ ಚಂಡಮಾರುತದ ಮರುವರುಷ ಆ ಬಂದರಿಗೆ ಮೊದಲ ಮುನ್ಸೂಚನೆಯ ಏರ್ಪಾಡಾಯಿತು. 1898ರಲ್ಲಿ ದೇಶದ ಎಲ್ಲ ಬಂದರುಗಳಿಗೂ ಒಂದೇ ಬಗೆಯ ಸೂಚನೆಗಳು ಬಂದವು. ಹಗಲಿಗೆ ಕಂಬದ ಮೇಲೆ ತೂಗುವ ಆಕಾರಗಳು, ಇರುಳಿಗೆ ದೀಪಗಳು. 1 ಮತ್ತು 2 ದೂರದ ಕಡಲಿನ ಮಾತು. 3 ಬಂದರಿಗೇ ಬಿರುಗಾಳಿ ಸೋಕಬಹುದೆಂಬ ಎಚ್ಚರಿಕೆ. ಹೀಗೆಯೇ ಏರುತ್ತ ಹೋಗಿ 8, 9, 10 ಎಂದರೆ ಮಹಾ ಅಪಾಯ. ಇವೆಲ್ಲಕ್ಕಿಂತ ನನ್ನನ್ನು ಬೆರಗುಗೊಳಿಸಿದ್ದು ಕೊನೆಯ ಸೂಚನೆ, 11. ಅದರ ಅರ್ಥ: ಹವಾಮಾನ ಕಚೇರಿಯೊಡನೆ ಸಂಪರ್ಕ ಕಡಿದಿದೆ, ಅಪಾಯವಿದೆಯೆಂದು ಇಲ್ಲಿಯ ಅಧಿಕಾರಿಗೆ ತೋರುತ್ತಿದೆ. ‘ನನಗೆ ಸುದ್ದಿ ಬರುತ್ತಿಲ್ಲ’ ಎಂಬುದನ್ನೂ ಒಂದು ಸುದ್ದಿಯಾಗಿ ಏರಿಸಬೇಕೆಂದು ಬಗೆದವನು ಯಾವನೋ, ಅವನು ಜಾಣನೆಂಬುದರಲ್ಲಿ ಸಂದೇಹವಿಲ್ಲ.

ಈಗ ಮನೆಮನೆಯಲ್ಲಿರುವ ಕಂಪ್ಯೂಟರು ನಮ್ಮ ಮುಖಕ್ಕೆ ಹಿಡಿಯುವ ಅಂಕಿಗಳೂ ಸಾಲುಗಳೂ ಇದೇ ಕುಲದವು. ಅವನ್ನು ಕಂಡರೆ ನಮಗೆ ಆಗುವುದು ಬೆರಗಲ್ಲ, ಬೇಸರ. ‘ಓಕೆ’ ಎಂಬ ಗುಂಡಿಯನ್ನು ಒತ್ತಿ ಅವನ್ನು ಕಣ್ಣೆದುರಿನಿಂದ ಓಡಿಸುತ್ತೇವೆ. ನಾನೂ ಹಾಗೆಯೇ ಒತ್ತಿದವನು. ಒತ್ತಿ, ಒಬ್ಬ ವೃದ್ಧೆಗೆ ಸುಳ್ಳು ಹೇಳಿದವನು.

ಅಂಕೋಲೆಯ ಕಡೆಯ ಹಳ್ಳಿಯೊಂದರಲ್ಲಿ ಮಾಸ್ತರರೊಬ್ಬರಿದ್ದರು. ಶಾಲೆಯಿಂದ ನಿವೃತ್ತರಾದ ಮೇಲೆ ಹಾಲಕ್ಕಿ ಒಕ್ಕಲಿಗರ ಕೇರಿಗಳಲ್ಲಿ ತಿರುಗಿ ಹೆಂಗಸರ ಬಾಯಿಂದ ಹಾಡುಗಳನ್ನು ಬರೆದುಕೊಂಡರು. ನಾಟಿಯ ಹಾಡು, ಮದುವೆಯ ಹಾಡು, ಸುಗ್ಗಿಯ ಹಾಡು. 2004ರ ಸುಮಾರಿಗೆ ಪುಸ್ತಕ ಮಾಡಿಸಬೇಕೆಂದು ಎಲ್ಲವನ್ನೂ ಕಂಪ್ಯೂಟರಿನಲ್ಲಿ ಜೋಡಿಸಿಸಿದರು. ಹಣ ಕೂಡಲಿಲ್ಲ, ಪುಸ್ತಕ ಹೊರಬರಲಿಲ್ಲ. ಮನೆಯಲ್ಲಿದ್ದ ಕೈಬರಹದ ವಹಿಗಳನ್ನು ಒರಲೆ ತಿಂದಿತು. ಮಾಸ್ತರರು ತೀರಿಕೊಂಡ ಮೇಲೆ ಉಳಿದದ್ದು ಒಂದು ಸಿ.ಡಿ. ಅವರ ಹೆಂಡತಿ ಅದನ್ನು ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ನನ್ನ ಕೈಗಿತ್ತರು. “ನೋಡು ತಮ್ಮಾ, ಇದರೊಳಗೆ ಅವರ ಹತ್ತು ವರುಷ ಇದೆ” ಎಂದರು.

ಪುಟ ಜೋಡಿಸುವ ಪೇಜ್‌ಮೇಕರ್ ಇದ್ದ ಪರಿಚಿತರ ಕಂಪ್ಯೂಟರೊಂದರಲ್ಲಿ ಅದನ್ನು ತೆರೆದೆ. ಮೊದಲು ಒಂದು ಚಿಕ್ಕ ಕಿಟಕಿ ಮೂಡಿತು. ಅದರಲ್ಲಿ ಎರಡು ಸಾಲು ಹೆಸರುಗಳು. ಓದಲಿಲ್ಲ. ‘ಓಕೆ’ ಒತ್ತಿದೆ. ಪುಟ ತೆರೆಯಿತು. ಹಾಡಿಲ್ಲ, ಕನ್ನಡವೇ ಇಲ್ಲ. ನೆತ್ತಿಯ ಮೇಲೆ ಗೆರೆಗಳನ್ನೂ ಚುಕ್ಕೆಗಳನ್ನೂ ಹೊತ್ತ ಇಂಗ್ಲಿಷ್ ಅಕ್ಷರಗಳ ಸಂತೆ. ರಿಪೇರಿಯ ಅಂಗಡಿಯೊಂದಕ್ಕೆ ಒಯ್ದೆ. ಅಲ್ಲಿಯವರು ಒಂದು ನೋಟ ನೋಡಿ, “ಫೈಲು ಕರಪ್ಟ್ ಆಗಿದೆ ಸಾರ್, ಏನೂ ಮಾಡಲಾಗದು” ಎಂದರು. ನಾನು ಅಂಕೋಲೆಗೆ ಹೋಗಿ, “ಹೋಯಿತು, ಅಮ್ಮಾ” ಎಂದೆ. ಆಕೆ ಏನೂ ಅನ್ನಲಿಲ್ಲ. ಒಳಗೆ ಹೋಗಿ ಚಹಾ ಮಾಡಿಕೊಂಡು ಬಂದರು.

ಆ ಕಿಟಕಿ ಏನು ಹೇಳಿತ್ತು? ಅದಕ್ಕೆ ಮೊದಲು, ಯಂತ್ರಗಳು ತಮ್ಮ ತಪ್ಪನ್ನು ತಾವೇ ಹೇಳಲು ಕಲಿತ ಬಗೆಯನ್ನು ಸ್ವಲ್ಪ ನೋಡಬೇಕು.

ಕಂಪ್ಯೂಟರಿನ ದೋಷಕ್ಕೆ ‘ಬಗ್’ ಎಂದರೆ ಹುಳು ಎನ್ನುತ್ತಾರೆ. 1947ರ ಸಪ್ಟೆಂಬರ್ 9ರಂದು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಮಾರ್ಕ್–2 ಯಂತ್ರದ ರಿಲೇಯೊಂದರಲ್ಲಿ ನಿಜವಾದ ಪತಂಗವೇ ಸಿಕ್ಕಿಬಿದ್ದಿತ್ತು. ಅದನ್ನು ತೆಗೆದು ದಿನಚರಿಯ ವಹಿಗೆ ಅಂಟಿಸಿದರು. ಆ ಹಾಳೆ ಇಂದಿಗೂ ವಾಷಿಂಗ್ಟನ್ನಿನ ವಸ್ತುಸಂಗ್ರಹಾಲಯದಲ್ಲಿದೆ. ಹೆಸರು ಹುಟ್ಟಿದ್ದು ಅಂದಲ್ಲ. ಅದಕ್ಕೂ ಸುಮಾರು ಎಪ್ಪತ್ತು ವರುಷ ಹಿಂದೆಯೇ ಎಡಿಸನ್ನನು ತನ್ನ ಯಂತ್ರಗಳ ತೊಡಕನ್ನು ‘ಬಗ್’ ಎಂದೇ ಕರೆದಿದ್ದ. ಆ ಕಾಲದ ಯಂತ್ರಕ್ಕೆ ಬಾಯಿರಲಿಲ್ಲವೆಂಬುದು ಇಲ್ಲಿ ಮುಖ್ಯ. ಅದು ಸುಮ್ಮನೆ ನಿಲ್ಲುತ್ತಿತ್ತು, ಇಲ್ಲವೆ ತಪ್ಪು ಲೆಕ್ಕ ಕೊಡುತ್ತಿತ್ತು. ಏಕೆಂದು ಮನುಷ್ಯನೇ ಒಳಹೊಕ್ಕು ಹುಡುಕಬೇಕು.

1964ರಲ್ಲಿ ಐಬಿಎಂ ಕಂಪನಿ ತನ್ನ ಸಿಸ್ಟಮ್/360 ಯಂತ್ರಗಳನ್ನು ಸಾರಿತು. ಅವುಗಳ ಜೊತೆಗೆ ಸೂಚನೆಗಳ ಅರ್ಥ ಹೇಳುವ ದಪ್ಪ ಕೈಪಿಡಿಯೂ ಬಂತು. ಯಂತ್ರ ಒಂದು ಸಂಕೇತವನ್ನು ಅಚ್ಚು ಮಾಡುವುದು. ಮನುಷ್ಯ ಕೈಪಿಡಿಯಲ್ಲಿ ಅದನ್ನು ಹುಡುಕುವುದು. ಆಗಿನ ಯಂತ್ರಗಳ ನೆನಪಿನ ಜಾಗ ತೀರ ಇಕ್ಕಟ್ಟು. ಪೂರ್ತಿ ವಾಕ್ಯಗಳನ್ನು ಅಲ್ಲಿ ತುಂಬಿಡುವುದು ದುಬಾರಿ. ನಿಘಂಟು ಮನುಷ್ಯನ ಕೈಯಲ್ಲಿ, ಪದ ಯಂತ್ರದ ಬಾಯಲ್ಲಿ. ಇಂದು ನಮಗೆ ಒರಟಾಗಿ ತೋರುವ ಸಂಕೇತಗಳ ಹಿಂದೆ ಈ ಬಡತನದ ನೆನಪಿದೆ.

ನಿಘಂಟು ಕೈಯಲ್ಲಿರುವುದು ಎಷ್ಟು ದೊಡ್ಡ ಮಾತೆಂದು 1969ರ ಜುಲೈ 20ರಂದು ತಿಳಿಯಿತು. ಅಪೊಲೊ–11 ಚಂದ್ರನ ಮೇಲೆ ಇಳಿಯುತ್ತಿತ್ತು. ನೆಲ ಹತ್ತಿರವಾಗುತ್ತಿರುವಾಗ ಅದರ ಕಂಪ್ಯೂಟರು 1202 ಎಂದು ಕೂಗಿತು. ಅದು ಏನೆಂದು ನೀಲ್ ಆರ್ಮ್‌ಸ್ಟ್ರಾಂಗನಿಗೂ ತಿಳಿಯದು, ಭೂಮಿಯನ್ನು ಕೇಳಿದ. ಕೆಲವೇ ದಿನ ಹಿಂದೆ ಹ್ಯೂಸ್ಟನ್ನಿನ ತಾಲೀಮಿನಲ್ಲಿ ಇಂಥದೇ ಒಂದು ಸಂಖ್ಯೆಗೆ ಬೆದರಿ, ಇಳಿಯುವುದನ್ನು ಸುಮ್ಮಸುಮ್ಮನೆ ರದ್ದು ಮಾಡಿದ್ದರು. ಆ ಪಾಠದಿಂದ ಜ್ಯಾಕ್ ಗಾರ್‌ಮನ್ ಎಂಬ 24ರ ತರುಣ ಅಂಥ ಸಂಖ್ಯೆಗಳನ್ನೆಲ್ಲ ಕೈಬರಹದಲ್ಲಿ ಪಟ್ಟಿ ಮಾಡಿ ಮುಂದಿಟ್ಟುಕೊಂಡಿದ್ದ. 1202 ಎಂದರೆ ಕಂಪ್ಯೂಟರಿಗೆ ಕೈತುಂಬ ಕೆಲಸ. ಚಿಲ್ಲರೆ ಕೆಲಸಗಳನ್ನು ಬದಿಗಿಟ್ಟು ಮುಖ್ಯವಾದುದನ್ನು ಮಾಡುತ್ತಿದೆ. ಎಡೆಬಿಡದೆ ಬಾರದಿದ್ದರೆ ಭಯವಿಲ್ಲ. ಅವನು ಹೇಳಿದ, ಅವನ ಮೇಲಿನ ಸ್ಟೀವ್ ಬೇಲ್ಸ್ ‘ಮುಂದುವರಿಯಿರಿ’ ಎಂದ, ಮನುಷ್ಯ ಚಂದ್ರನ ಮೇಲೆ ಇಳಿದ. ಕೂಗು ಅದೇ; ಅರ್ಥ ತಿಳಿಯದವರಿಗೆ ಅದು ಸಾವಿನ ಸುದ್ದಿ, ತಿಳಿದವರಿಗೆ ದಣಿದ ಆಳಿನ ನಿಟ್ಟುಸಿರು.

ಇದಕ್ಕೆ ಇನ್ನೊಂದು ಮಗ್ಗುಲೂ ಉಂಟು. ನಮ್ಮ ತಾಲೂಕಿನಲ್ಲಿ ಕೈಗಾ ಇರುವುದರಿಂದ ಅಣುವಿದ್ಯುತ್ತಿನ ಸುದ್ದಿಗೆ ನಾವು ಉಳಿದವರಿಗಿಂತ ಹೆಚ್ಚು ಕಿವಿಗೊಡುತ್ತೇವೆ. 1979ರ ಮಾರ್ಚ್ 28ರಂದು ಅಮೆರಿಕದ ತ್ರೀ ಮೈಲ್ ಐಲೆಂಡಿನ ಸ್ಥಾವರದಲ್ಲಿ ಮುಚ್ಚಿಕೊಳ್ಳಬೇಕಾದ ಕವಾಟವೊಂದು ತೆರೆದೇ ಉಳಿಯಿತು. ಫಲಕದ ದೀಪವಾದರೋ ಆರಿತು. ದೀಪ ಆರಿದ್ದರಿಂದ ಕವಾಟ ಮುಚ್ಚಿದೆಯೆಂದು ಅಲ್ಲಿದ್ದವರು ತಿಳಿದರು. ಆದರೆ ಮುಚ್ಚಿಕೊಳ್ಳಲು ಅಪ್ಪಣೆ ಹೋಗಿದೆ ಎಂಬಷ್ಟನ್ನೇ ದೀಪ ಹೇಳುತ್ತಿತ್ತು. ಅಪ್ಪಣೆ ನಡೆದಿದೆ ಎಂದಲ್ಲ. ಎರಡು ತಾಸಿಗೂ ಹೆಚ್ಚು ಕಾಲ ತಂಪಿನ ನೀರು ಹರಿದುಹೋಯಿತು; ಸ್ಥಾವರದ ಒಡಲು ಕರಗಿತು. ದೀಪ ಸುಳ್ಳು ಹೇಳಲಿಲ್ಲ. ಅದು ಹೇಳಿದ್ದಕ್ಕಿಂತ ಹೆಚ್ಚನ್ನು ಮನುಷ್ಯರು ಕೇಳಿಸಿಕೊಂಡರು.

ನನಗೆ ತೋರುವುದು ಇಷ್ಟೆ: ಯಂತ್ರದ ಸೂಚನೆ ಸಾಕ್ಷಿಯೇ ಹೊರತು ತೀರ್ಪಲ್ಲ. ತಾನು ನಿಂತ ಜಾಗದಿಂದ ಕಂಡದ್ದನ್ನು ಅದು ಹೇಳುತ್ತದೆ. ಸಾಕ್ಷಿಯ ಮಾತನ್ನು ಕೇಳದೆ ಹೊರಗಟ್ಟುವುದೂ ತಪ್ಪು. ಅವನು ಹೇಳದ್ದನ್ನು ಅವನ ಬಾಯಿಗೆ ತುರುಕುವುದೂ ತಪ್ಪು. ಅಂತರ್ಜಾಲದಲ್ಲಿ ದಿನವೂ ಕಾಣುವ 404ನ್ನೇ ನೋಡಿ. 1996ರಲ್ಲಿ ಪ್ರಕಟವಾದ ನಿಯಮಾವಳಿಯಂತೆ 4ರಿಂದ ಆರಂಭವಾಗುವ ಸಂಖ್ಯೆ ‘ಕೇಳಿದವನ ಕಡೆ ಏನೋ ತಪ್ಪಿದೆ’ ಎನ್ನುತ್ತದೆ. 5ರಿಂದ ಆರಂಭವಾದರೆ ‘ಉತ್ತರ ಕೊಡಬೇಕಾದ ಯಂತ್ರವೇ ಸೋತಿದೆ’ ಎಂದರ್ಥ. 404 ಎಂದರೆ ಕೇಳಿದ ಪುಟ ಆ ವಿಳಾಸದಲ್ಲಿ ಸಿಗಲಿಲ್ಲ. ವಿಳಾಸವನ್ನು ಇನ್ನೊಮ್ಮೆ ಓದಿಕೊಳ್ಳಬೇಕು. 503 ಎಂದರೆ ಆಚೆಯವರಿಗೆ ಸದ್ಯ ಆಗದು, ನಾವು ಕಾಯಬೇಕು. ಒಂದು ಅಂಕಿಯ ಭೇದ ತಿಳಿದರೆ ನಮ್ಮ ಯಂತ್ರವನ್ನು ಬೈಯುವ ಶ್ರಮ ಉಳಿಯುತ್ತದೆ.

ಇನ್ನು ನನ್ನ ಕಿಟಕಿಯ ಮಾತು. ಎರಡು ವರುಷದ ಮೇಲೆ ಒಂದು ದಿನ ತರಗತಿಯಲ್ಲಿ ಹಾಲಕ್ಕಿ ಹಾಡುಗಳ ವಿಷಯ ಬಂತು. ಅಂಕೋಲೆಯ ಬಡಗೇರಿಯ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂದುದನ್ನು ಹೇಳುತ್ತ, ಕಳೆದುಹೋದ ಸಿ.ಡಿ.ಯ ಕತೆಯನ್ನೂ ಹೇಳಿಬಿಟ್ಟೆ. ಪಾಠ ಮುಗಿದ ಮೇಲೆ ಒಬ್ಬ ವಿದ್ಯಾರ್ಥಿನಿ ಬಂದು, “ಸರ್, ಅದನ್ನೊಮ್ಮೆ ನಾನು ನೋಡಲೇ?” ಎಂದಳು. ತೆರೆದಾಗ ಮತ್ತೆ ಅದೇ ಕಿಟಕಿ. ನನ್ನ ಕೈ ಮತ್ತೆ ‘ಓಕೆ’ಯ ಕಡೆಗೇ ಹೋಯಿತು. “ತಡೆಯಿರಿ ಸರ್, ಓದೋಣ” ಎಂದಳು. ಎಡಗಡೆಯ ಸಾಲಿನಲ್ಲಿ ಈ ಯಂತ್ರದಲ್ಲಿ ಇಲ್ಲದ ಅಕ್ಷರಮಾಲೆಯ ಹೆಸರು. ಬಲಗಡೆಯಲ್ಲಿ ಅದರ ಬದಲಿಗೆ ಬಳಸಲಿರುವ ಇಂಗ್ಲಿಷ್ ಅಕ್ಷರಮಾಲೆಯ ಹೆಸರು. ಎಡಗಡೆಯದು ‘ನುಡಿ’. “ಹಾಳಾಗಿಲ್ಲ ಸರ್. ಇದು ಹಳೆಯ ನುಡಿ, ಅಷ್ಟೇ.”

ವಿಷಯ ಹೀಗಿದೆ. ಕಂಪ್ಯೂಟರಿಗೆ ಅಕ್ಷರ ಗೊತ್ತಿಲ್ಲ, ಅಂಕಿ ಗೊತ್ತು. ಅದರ ಅಂಕಿಗಳ ಮನೆಗಳೆಲ್ಲ ಮೊದಲು ರೋಮನ್ ಲಿಪಿಯವರ ವಶದಲ್ಲಿದ್ದವು. ಕನ್ನಡದ ಮೊದಲ ತಂತ್ರಾಂಶಗಳು ಆ ಮನೆಗಳಲ್ಲೇ ಬಾಡಿಗೆಗಿದ್ದವು. ನಮ್ಮ ‘ಕ’ ಅಲ್ಲಿ ಎರಡು ತುಂಡು: ಒಡಲಿಗೆ 80, ತಲೆಕಟ್ಟಿಗೆ 192. ನುಡಿಯ ಅಕ್ಷರಮಾಲೆ ಇದ್ದರೆ ಆ ಎರಡೂ ಕೂಡಿ ‘ಕ’ ಆಗುತ್ತದೆ. ಇಲ್ಲದಿದ್ದರೆ 80 ಎಂಬುದು ಇಂಗ್ಲಿಷಿನ ‘ಪಿ’, 192 ಎಂಬುದು ನೆತ್ತಿಯ ಮೇಲೆ ಗೆರೆಯುಳ್ಳ ‘ಎ’. 1991ರಲ್ಲಿ ಬಂದ ಯೂನಿಕೋಡ್ ಕನ್ನಡಕ್ಕೆ 128 ಮನೆಗಳ ಸ್ವಂತ ಕೇರಿಯನ್ನೇ ಕೊಟ್ಟಿತು. ಅಲ್ಲಿ ‘ಕ’ದ ಮನೆ 3221. ಆದರೆ 2001ರ ವಿಂಡೋಸ್ ಎಕ್ಸ್‌ಪಿಯ ಮೊದಲು ಸಾಮಾನ್ಯರ ಕಂಪ್ಯೂಟರಿಗೆ ಆ ಕೇರಿಯ ದಾರಿ ತಿಳಿದಿರಲಿಲ್ಲ. ತಿಳಿದ ಮೇಲೂ ಅಚ್ಚುಕೂಟಗಳು ಬಹುಕಾಲ ಹಳೆಯ ಬಾಡಿಗೆಮನೆಯಲ್ಲೇ ಉಳಿದವು. ಒಂದು ತಲೆಮಾರಿನ ಕನ್ನಡ ಬರಹದ ಬಹುಪಾಲು ಹಾಗೆ ಅಲ್ಲಿದೆ. ಅದನ್ನು ‘ಹಾಳಾಗಿದೆ’ ಎಂದು ಎಸೆಯುವವರು ನನ್ನಂತೆ ಎಷ್ಟು ಜನರೋ!

ಆದುದರಿಂದ ಓದುಗರಿಗೆ ಕೆಲವು ಮಾತು. ಕನ್ನಡವಿರಬೇಕಾದಲ್ಲಿ ಬರಿಯ ಚೌಕಗಳು ಕಂಡರೆ ಅಕ್ಷರಗಳು ಕ್ಷೇಮವಾಗಿವೆ; ತೋರಿಸುವ ಅಕ್ಷರಮಾಲೆ ಮಾತ್ರ ಆ ಯಂತ್ರದಲ್ಲಿಲ್ಲ. ಗೆರೆ ಹೊತ್ತ ಇಂಗ್ಲಿಷ್ ಅಕ್ಷರಗಳು ಕಂಡರೆ ಪ್ರಾಯಶಃ ಆಗಲೂ ಕ್ಷೇಮ. ಹಳೆಯ ಸಂಕೇತದಿಂದ ಯೂನಿಕೋಡಿಗೆ ಪರಿವರ್ತಿಸಬೇಕು, ಅಷ್ಟೇ. ಕಪ್ಪು ವಜ್ರದೊಳಗೆ ಪ್ರಶ್ನೆಯ ಚಿಹ್ನೆ ಕಂಡರೆ, ಯಂತ್ರ ಓದಲಾರದೆ ಸೋತಿದೆ. ಬೇರೆ ನಿಯಮದಿಂದ ಓದಿಸಿ ನೋಡಬೇಕು. ಸಾಲಿಗೆ ಸಾಲೇ ಬರಿಯ ಪ್ರಶ್ನೆಯ ಚಿಹ್ನೆಗಳಾಗಿದ್ದರೆ ಹೆದರಬೇಕು; ಹಾಗೆಯೇ ‘ಸೇವ್’ ಮಾಡಿದರೆ ಮೂಲವೇ ಅಳಿಯುತ್ತದೆ. ಯಾವುದೇ ಇರಲಿ, ಮೊದಲು ಪ್ರತಿ ಮಾಡಿಟ್ಟುಕೊಳ್ಳಿ. ಸೂಚನೆಯನ್ನು ಇದ್ದಂತೆಯೇ, ಅಂಕಿ ಸಹಿತ, ಕಾಗದದಲ್ಲಿ ಬರೆದುಕೊಳ್ಳಿ; ಆಗ ನೀವು ಏನು ಮಾಡುತ್ತಿದ್ದಿರಿ ಎಂಬುದನ್ನೂ ಬರೆಯಿರಿ. ಆಮೇಲೆ ಬಲ್ಲವರನ್ನು ಕೇಳಿ. ಒಬ್ಬರು ಆಗದೆಂದರೆ ಇನ್ನೊಬ್ಬರನ್ನು ಕೇಳಿ.

ಆ ಹುಡುಗಿ ಎರಡು ರಾತ್ರಿ ಕುಳಿತು ಹಾಡುಗಳನ್ನೆಲ್ಲ ಹೊಸ ಕೇರಿಗೆ ಕರೆತಂದಳು. ಕೆಲವು ಒತ್ತಕ್ಷರಗಳು ದಾರಿಯಲ್ಲಿ ಕಾಲು ಮುರಿದುಕೊಂಡಿದ್ದವು, ಕುಳಿತು ತಿದ್ದಿದೆವು. ಅಚ್ಚು ಹಾಕಿಸಿದ ಹಾಳೆಗಳನ್ನು ಹಿಡಿದು ಅಂಕೋಲೆಯ ಬಸ್ಸು ಹತ್ತಿದೆ. ‘ನಾನು ಓದದೆ ಹೇಳಿದ್ದೆ, ಅಮ್ಮಾ, ತಪ್ಪಾಯಿತು’ ಎಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಹೇಳಿದೆನೂ ಅಹುದು. ಆಕೆ ಅದಕ್ಕೆ ಕಿವಿಗೊಡಲಿಲ್ಲ. ಕನ್ನಡಕ ಹಾಕಿಕೊಂಡು ಮೊದಲ ಹಾಳೆಯನ್ನು ಬೆರಳಿಟ್ಟು ಓದತೊಡಗಿದರು. ಅರ್ಧಕ್ಕೆ ನಿಂತು, “ಇಲ್ಲಿ ಒಂದು ಸಾಲು ಬಿಟ್ಟಿದೆ, ತಮ್ಮಾ” ಎಂದರು.

ಅದು ಯಂತ್ರದ ತಪ್ಪಾಗಿರಲಿಲ್ಲ. ಮಾಸ್ತರರೇ ಬರೆದುಕೊಳ್ಳುವಾಗ ಬಿಟ್ಟಿದ್ದರು. ಹಾಡು ಹೇಳಿದ ಹೆಂಗಸರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ಸುಕ್ರಿಯಜ್ಜಿಯೂ 2025ರ ಫೆಬ್ರವರಿಯಲ್ಲಿ ಹೋದರು. ಆ ಸಾಲು ಮಾತ್ರ ಆಕೆಯ ನೆನಪಿನಲ್ಲಿತ್ತು. ಅವರು ಹೇಳಿದರು, ನಾನು ಅಂಚಿನಲ್ಲಿ ಪೆನ್ನಿನಿಂದ ಬರೆದುಕೊಂಡೆ.