ಹಾಕ್ ಮೌಂಟನ್: ಕೋವಿ, ಕ್ಯಾಮೆರಾ ಮತ್ತು ಒಂದು ಲೆಕ್ಕ

ಆನ್‌ಸೈಟ್ ಅಂತ ಕಂಪನಿ ನನ್ನನ್ನು ಫಿಲಡೆಲ್ಫಿಯಾ ಕಡೆಗೆ ಅಟ್ಟಿದಾಗ ಸೂಟ್‌ಕೇಸಿಗೆ ಅಮ್ಮ ತುಂಬಿದ್ದು ಚಟ್ನಿಪುಡಿ, ನಾನು ತುರುಕಿದ್ದು ಕಂತಿನಲ್ಲಿ ಕೊಂಡ 400 ಎಂಎಂ ಲೆನ್ಸು. ಸೆಪ್ಟೆಂಬರಿನ ಒಂದು ಶನಿವಾರ ಅದನ್ನು ಹೆಗಲಿಗೇರಿಸಿಕೊಂಡು ಪೆನ್ಸಿಲ್ವೇನಿಯಾದ ಹಾಕ್ ಮೌಂಟನ್ ಹತ್ತಿದೆ. ಗಿಡುಗಗಳ ಗುಡ್ಡ!

ತುದಿಯ ಬಂಡೆಗಳ ಮೇಲೆ ಜನ ಬೈನಾಕ್ಯುಲರ್ ಹಿಡಿದು, ತಿಂಡಿ ಡಬ್ಬಿ ಬಿಚ್ಚಿಕೊಂಡು ಕೂತಿದ್ದರು. ನೆಲ ಕಾದು ಮೇಲೇಳುವ ಬಿಸಿಗಾಳಿಯಲ್ಲಿ ಬ್ರಾಡ್‌ವಿಂಗ್ಡ್ ಗಿಡುಗಗಳು ಸುತ್ತಿ ಸುತ್ತಿ ಏರುತ್ತವೆ. ಆಮೇಲೆ ರೆಕ್ಕೆ ಬಡಿಯದೆ ದಕ್ಷಿಣಕ್ಕೆ ಜಾರುತ್ತವೆ. ಬೆಟ್ಟಸಾಲಿಗೆ ಬಡಿದ ಗಾಳಿಯೂ ಮೇಲಕ್ಕೇ ಚಿಮ್ಮುವುದರಿಂದ ಹಕ್ಕಿಗಳಿಗೆ ಇದು ಪೆಟ್ರೋಲ್ ಬೇಡದ ಹೆದ್ದಾರಿ :-) ಹೊರಟಿರುವುದು ಮಧ್ಯ ಮತ್ತು ದಕ್ಷಿಣ ಅಮೆರಿಕಕ್ಕೆ. ನಾನು ಮುನ್ನೂರು ಸಲ ಕ್ಲಿಕ್ಕಿಸಿದೆ. ಸಿಕ್ಕಿದ್ದು ಮುನ್ನೂರು ಫ್ರೇಮು ಕರೀ ಚುಕ್ಕೆಗಳು.

ಬೇಜಾರಿನಲ್ಲಿ ಕೂತಿದ್ದಾಗ ಪಕ್ಕದ ಅಜ್ಜ ಕೇಳಿದರು, “ಈ ಬಂಡೆ ಮೇಲೆ ಮೊದಲು ಜನ ಯಾಕೆ ಕೂರುತ್ತಿದ್ದರು ಗೊತ್ತಾ?” ಗೊತ್ತಿರಲಿಲ್ಲ. ಮನೆಗೆ ಬಂದು ಓದಿದೆ.

ಹೊಡೆಯುವುದಕ್ಕೆ ಕೂರುತ್ತಿದ್ದರು. 1929ರಲ್ಲಿ ಪೆನ್ಸಿಲ್ವೇನಿಯಾ ರಾಜ್ಯ ಒಂದು ಗೋಸ್‌ಹಾಕ್ ಕೊಂದರೆ ಐದು ಡಾಲರ್ ಇನಾಮು ಘೋಷಿಸಿತ್ತು. ಆರ್ಥಿಕ ಕುಸಿತದ ಆ ದಿನಗಳಲ್ಲಿ ಐದು ಡಾಲರ್ ಸಣ್ಣ ದುಡ್ಡಲ್ಲ. ಆದರೆ ಕೋವಿ ಹಿಡಿದವನಿಗೆ ಗೋಸ್‌ಹಾಕ್ ಯಾವುದು, ಬೇರೆ ಗಿಡುಗ ಯಾವುದು? ಹಾರಿದ್ದೆಲ್ಲ ಬಿತ್ತು. ಅವರನ್ನು ರಾಕ್ಷಸರು ಅನ್ನುವ ಮೊದಲು ನಮ್ಮೂರಿನ ಅಂಗಳ ನೆನಪಾಯಿತು. ಅಜ್ಜಿ “ಹದ್ದು ಬಂತು ಹದ್ದು!” ಅಂತ ಕೂಗಿದರೆ ಕೋಳಿಮರಿ ಕಾಯಲು ಕಲ್ಲು ಹಿಡಿದು ಮೊದಲು ಓಡುತ್ತಿದ್ದವನು ನಾನೇ. ಗಿಡುಗ ಕಳ್ಳ, ಕಳ್ಳನಿಗೆ ಏಟು. ಲೆಕ್ಕ ಅಲ್ಲೂ ಇಲ್ಲೂ ಒಂದೇ.

1932ರಲ್ಲಿ ರಿಚರ್ಡ್ ಪಫ್ ಎಂಬ ಹವ್ಯಾಸಿ ಛಾಯಾಗ್ರಾಹಕ ಇಲ್ಲಿಗೆ ಬಂದ. ಎಂಐಟಿಯಲ್ಲಿ ಓದಿದವನು, ವಯಸ್ಸು 28, ಹೆಚ್ಚುಕಡಿಮೆ ನನ್ನಷ್ಟೇ. ಸತ್ತ ಹಕ್ಕಿಗಳನ್ನು ಆಯ್ದು ತಂದು ಸಾಲಾಗಿ ನೆಲದ ಮೇಲೆ ಜೋಡಿಸಿ ಫೋಟೋ ತೆಗೆದ. ಗೋಡೆಗೆ ತೂಗುಹಾಕುವಂಥ ಚಿತ್ರಗಳಲ್ಲ, ನೋಡಿದವರ ನಿದ್ದೆ ಕೆಡಿಸುವಂಥವು. ಹಾಗೆ ನಿದ್ದೆ ಕೆಟ್ಟವರಲ್ಲಿ ನ್ಯೂಯಾರ್ಕಿನ ರೊಸಾಲಿ ಎಡ್ಜ್ ಒಬ್ಬರು. ಮಹಿಳೆಯರ ಮತದಾನದ ಹಕ್ಕಿಗೆ ಹೋರಾಡಿದ್ದ ಗಟ್ಟಿಗಿತ್ತಿ. ಬೇರೆಯವರು ಏನಾದರೂ ಮಾಡಲಿ ಅಂತ ಕಾಯದೆ, 1934ರಲ್ಲಿ ಸುಮಾರು 1,400 ಎಕರೆ ಗುಡ್ಡವನ್ನೇ ಗುತ್ತಿಗೆಗೆ ಹಿಡಿದರು. ಕಾವಲಿಗೆ ಮಾರಿಸ್ ಬ್ರೌನ್ ಮತ್ತು ಅವರ ಹೆಂಡತಿ ಇರ್ಮಾ ಬಂದರು. ಆ ವರ್ಷವೇ ಗುಂಡಿನ ಸದ್ದು ನಿಂತಿತು. ಬೇಟೆಹಕ್ಕಿಗಳಿಗೆಂದೇ ಮೀಸಲಾದ ಜಗತ್ತಿನ ಮೊದಲ ರಕ್ಷಿತಧಾಮ ಹುಟ್ಟಿದ್ದು ಹೀಗೆ.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಆಮೇಲಿನ ಕಥೆ. ಬ್ರೌನ್ ಬಂಡೆ ಮೇಲೆ ಕೂತು ಹಾರಿಹೋದ ಹಕ್ಕಿಗಳನ್ನು ಎಣಿಸಿದರು. ಯುದ್ಧಕಾಲದ 1943ರಿಂದ 45ರವರೆಗೆ ಬಿಟ್ಟರೆ ವರ್ಷ ವರ್ಷವೂ ಎಣಿಸಿದರು. ಯಾರಿಗೆ ಬೇಕಿತ್ತು ಆ ಲೆಕ್ಕ? ರೇಚಲ್ ಕಾರ್ಸನ್‌ಗೆ ಬೇಕಾಯಿತು! 1935-39ರಲ್ಲಿ ಕಂಡ ಹದ್ದುಗಳಲ್ಲಿ ಶೇ. 40 ಎಳೆಯವು, 1955-59ರಲ್ಲಿ ಶೇ. 20 ಮಾತ್ರ. 1957ರಲ್ಲಂತೂ 32 ದೊಡ್ಡ ಹದ್ದುಗಳಿಗೆ ಒಂದೇ ಒಂದು ಮರಿ. ಹದ್ದುಗಳು ಹಾರುತ್ತಲೇ ಇದ್ದವು, ವಂಶ ಮಾತ್ರ ನಿಲ್ಲುತ್ತಿತ್ತು. 1962ರ ‘ಸೈಲೆಂಟ್ ಸ್ಪ್ರಿಂಗ್’ ಪುಸ್ತಕದಲ್ಲಿ ಆಕೆ ಡಿಡಿಟಿ ವಿರುದ್ಧ ಈ ಅಂಕಿಗಳನ್ನು ಮುಂದಿಟ್ಟರು. 1972ರಲ್ಲಿ ಅಮೆರಿಕ ಡಿಡಿಟಿ ನಿಷೇಧಿಸಿತು. 2007ರಲ್ಲಿ ಬಿಳಿತಲೆ ಹದ್ದು ಅಲ್ಲಿನ ಅಳಿವಿನಂಚಿನ ಪಟ್ಟಿಯಿಂದ ಹೊರಬಂತು.

ನಮ್ಮಲ್ಲೂ ಹೀಗೇ ಆಗಿದೆ. ಪಫ್ ಬಂದು ಸರಿಯಾಗಿ 80 ವರ್ಷಕ್ಕೆ, 2012ರಲ್ಲಿ, ನಾಗಾಲ್ಯಾಂಡಿನ ದೊಯಾಂಗ್ ಜಲಾಶಯದ ಬಳಿ ಬಲೆಗೆ ಬಿದ್ದ ಸಾವಿರಾರು ಅಮೂರ್ ಚಾಣಗಳನ್ನು ಒಂದು ತಂಡ ಚಿತ್ರೀಕರಿಸಿ ಜಗತ್ತಿಗೆ ತೋರಿಸಿತು. ನಮ್ಮ ಬೆಂಗಳೂರಿನ ರಾಮ್ಕಿ ಶ್ರೀನಿವಾಸನ್ ಅದರಲ್ಲಿದ್ದರು. ಮರುವರ್ಷ ಆ ಊರಿನವರೇ ಬಲೆ ಎತ್ತಿಟ್ಟು, ದಕ್ಷಿಣ ಆಫ್ರಿಕಾದವರೆಗೆ ಹಾರುವ ಆ ಅತಿಥಿಗಳಿಗೆ ಕಾವಲು ನಿಂತರು. ಫೋಟೋ ಅಷ್ಟು ಮಾಡಬಲ್ಲದು. ಆದರೆ ಬಲೆ ಬಿಟ್ಟುಕೊಟ್ಟವರು ಹೊಟ್ಟೆಪಾಡು ಬಿಟ್ಟುಕೊಟ್ಟವರು ಎನ್ನುವುದನ್ನು ಫೋಟೋ ತೋರಿಸುವುದಿಲ್ಲ.

ಆ ಭಾನುವಾರ ರಾತ್ರಿ ಮುನ್ನೂರು ಫೋಟೋ ಅಳಿಸಲು ಕೂತವನು ಒಂದರ ಮುಂದೆ ನಿಂತೆ. ನೀಲಿ ಆಕಾಶ, ಬರೀ ಚುಕ್ಕೆಗಳು. ಲ್ಯಾಪ್‌ಟಾಪಿನಲ್ಲಿ ದೊಡ್ಡದು ಮಾಡಿ, ಚಿಕ್ಕಂದಿನಲ್ಲಿ ನಕ್ಷತ್ರ ಎಣಿಸುತ್ತಿದ್ದ ಹಾಗೆ ಬೆರಳಿಟ್ಟು ಎಣಿಸಿದೆ. ಎರಡು ಸಲ. 143.

ಆ ಒಂದನ್ನು ಉಳಿಸಿಕೊಂಡಿದ್ದೇನೆ. ಕೆಳಗೆ ತಾರೀಕು, ಹೊತ್ತು, ಗಾಳಿಯ ದಿಕ್ಕು ಬರೆದಿದ್ದೇನೆ. ಯಾರಿಗೆ ಯಾವಾಗ ಬೇಕಾಗುತ್ತದೋ…